ಇಂಗ್ಲೆಂಡಿನಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಬಾರ್ ಇಡುವುದಾದರೆ: ಕೌನ್ಸಿಲ್‌ಗೆ ಕೊಡಬೇಕಾದ ‘ಟೆನ್’ ನೋಟಿಸಿನ ಪೂರ್ತಿ ವಿವರ

ಕರ್ನಾಟಕದಲ್ಲಿ ಮದ್ಯ ಮಾರಾಟದ ಸನ್ನದು ಅಂದರೆ ಅಬಕಾರಿ ಇಲಾಖೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಗಲ್ಲ. ಇಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ಆ ಅಧಿಕಾರ ಸ್ಥಳೀಯ ಕೌನ್ಸಿಲ್‌ನದು. ಪಬ್ಬು, ಅಂಗಡಿ, ರೆಸ್ಟೋರೆಂಟ್‌ಗಳಿಗೆ ಕಾಯಂ ಪರವಾನಗಿ ಕೊಡುವುದೂ ಅದೇ, ಸಂಘದವರು ಒಂದು ಸಂಜೆಯ ಮಟ್ಟಿಗೆ ಬಾರ್ ಇಡಲು ಪತ್ರ ಕೊಡಬೇಕಾದದ್ದೂ ಅಲ್ಲಿಗೇ. ಆ ಪತ್ರದ ಹೆಸರು ಟೆಂಪರರಿ ಇವೆಂಟ್ ನೋಟಿಸ್, ಎಲ್ಲರ ಬಾಯಲ್ಲಿ ‘ಟೆನ್’. ಶುಲ್ಕ 21 ಪೌಂಡ್. ಅರ್ಜಿ ತುಂಬಲು ಅರ್ಧ ಗಂಟೆ ಸಾಕು. ಕಷ್ಟ ಇರುವುದು ಅರ್ಜಿಯಲ್ಲಲ್ಲ, ದಿನದ ಲೆಕ್ಕದಲ್ಲಿ, ತಲೆ ಎಣಿಕೆಯಲ್ಲಿ ಮತ್ತು ಹಾಲ್ ಆಯ್ಕೆಯಲ್ಲಿ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಕಾನೂನು ಬೇರೆ. ಇಲ್ಲಿ ಹೇಳಿರುವುದು ಅಲ್ಲಿಗೆ ಅನ್ವಯಿಸುವುದಿಲ್ಲ.

ಮೊದಲು ಗೊತ್ತುಮಾಡಿಕೊಳ್ಳಿ: ಇದು ಮಾರಾಟವೇ?

ಕಾನೂನು ಹಿಡಿಯುವುದು ಮದ್ಯದ ಮಾರಾಟವನ್ನು, ಕುಡಿಯುವುದನ್ನಲ್ಲ. ಬಂದವರು ತಮ್ಮ ಬಾಟಲಿ ತಾವೇ ತಂದುಕೊಂಡು ಕುಡಿದರೆ, ಅಥವಾ ಗೃಹಪ್ರವೇಶದ ಪಾರ್ಟಿಗೆ ಕರೆದವರು ಪುಕ್ಕಟೆ ಕೊಟ್ಟರೆ ನೋಟಿಸ್ ಬೇಡ. ಆದರೆ ಟಿಕೆಟ್ ಇಟ್ಟು, ‘ಒಂದು ಗ್ಲಾಸ್ ವೈನ್ ಉಚಿತ’ ಎಂದು ಬರೆದರೆ ಅದು ಮಾರಾಟವೇ. ವೈನಿನ ದುಡ್ಡು ಟಿಕೆಟ್ಟಿನಲ್ಲಿ ಸೇರಿದೆ ಎಂದೇ ಕೌನ್ಸಿಲ್ ನೋಡುತ್ತದೆ. ಬಾರಿನ ಪಕ್ಕ ಡಬ್ಬಿ ಇಟ್ಟು ‘ನಿಮ್ಮಿಷ್ಟ ದೇಣಿಗೆ ಹಾಕಿ’ ಅನ್ನುವ ಉಪಾಯವೂ ನಡೆಯುವುದಿಲ್ಲ. ದುಡ್ಡು ಹಾಕಿದವರಿಗೆ ಮಾತ್ರ ಗ್ಲಾಸ್ ಸಿಗುತ್ತಿದ್ದರೆ ಅದು ದೇಣಿಗೆಯಲ್ಲ. ಈ ಅಡ್ಡದಾರಿಗಳಿಂದ ಉಳಿಯುವುದು 21 ಪೌಂಡ್. ಸಿಕ್ಕಿಬಿದ್ದರೆ ಪರವಾನಗಿ ಇಲ್ಲದೆ ಮಾರಿದ ಅಪರಾಧಕ್ಕೆ ಆರು ತಿಂಗಳ ತನಕ ಜೈಲು, ಮಿತಿಯಿಲ್ಲದ ದಂಡ, ಅಥವಾ ಎರಡೂ ಆಗಬಹುದು.

ಒಂದು ವಿನಾಯಿತಿ ಇದೆ. ಕಾರ್ಯಕ್ರಮದ ನಡುವೆ ಲಾಭದ ಉದ್ದೇಶವಿಲ್ಲದೆ ನಡೆಸುವ ಚೀಟಿ ಎತ್ತುವ ಆಟದಲ್ಲಿ, ಅಂದರೆ ರ‍್ಯಾಫಲ್‌ನಲ್ಲಿ, ಸೀಲ್ ಒಡೆಯದ ಬಾಟಲಿಯನ್ನು ಬಹುಮಾನವಾಗಿ ಇಡಬಹುದು. ಅದಕ್ಕೆ ಟೆನ್ ಬೇಡ. ಆದರೆ ಬಹುಮಾನಗಳಲ್ಲಿ ನಗದು ಇರಬಾರದು.

ಹಾಲ್ ಬುಕ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ದಿನಾಂಕ ಖಾಲಿ ಇದೆಯೇ ಎಂದಷ್ಟೇ ಕೇಳಿ ಮುಂಗಡ ಕಟ್ಟಿಬಿಡಬೇಡಿ. ಮೊದಲ ಪ್ರಶ್ನೆ: ಈ ಹಾಲಿಗೆ ಈಗಾಗಲೇ ಮದ್ಯ ಮಾರಾಟದ ಪರವಾನಗಿ ಇದೆಯೇ? ಇದ್ದರೆ ಅದರ ಸಾರಾಂಶದ ಹಾಳೆಯನ್ನು ಎದ್ದು ಕಾಣುವ ಜಾಗದಲ್ಲಿ ಹಾಕಿರಬೇಕು ಎಂಬುದು ಕಾನೂನು. ಹಾಲ್ ನೋಡಲು ಹೋದಾಗ ಬಾಗಿಲ ಬಳಿ, ಬಾರ್ ಕೌಂಟರಿನ ಹಿಂದೆ ಕಣ್ಣು ಹಾಯಿಸಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ ಮಾರಬಹುದು ಎಂದು ಅದರಲ್ಲಿರುತ್ತದೆ. ನಿಮ್ಮ ಕಾರ್ಯಕ್ರಮ ಆ ವೇಳೆಯೊಳಗೇ ಮುಗಿಯುವುದಾದರೆ ಮತ್ತು ಪರವಾನಗಿಯಲ್ಲಿ ಹೆಸರಿರುವ ಮೇಲ್ವಿಚಾರಕರು ಒಪ್ಪಿದರೆ ಟೆನ್‌ನ ಗೊಡವೆಯೇ ಬೇಡ. ಅಂಥ ಕಡೆ ಬಹುಪಾಲು ಅವರ ಬಾರನ್ನೇ ಬಳಸಬೇಕಾಗುತ್ತದೆ. ನಿಮಗೆ ಲಾಭ ಕಡಿಮೆ, ತಲೆನೋವೂ ಕಡಿಮೆ.

ಎರಡನೆಯದು: ಬಾಡಿಗೆ ಕರಾರಿನಲ್ಲಿ ಮದ್ಯಕ್ಕೆ ಅವಕಾಶ ಇದೆಯೇ? ಶಾಲೆ, ಚರ್ಚ್, ದೇವಸ್ಥಾನದ ಟ್ರಸ್ಟುಗಳ ಹಾಲ್‌ಗಳಲ್ಲಿ ಹಲವರು ಪೂರ್ತಿ ನಿಷೇಧಿಸಿರುತ್ತಾರೆ. ಕೌನ್ಸಿಲ್ ಟೆನ್ ಒಪ್ಪಿದ ಮಾತ್ರಕ್ಕೆ ಹಾಲಿನವರ ನಿಷೇಧ ಬಿದ್ದುಹೋಗುವುದಿಲ್ಲ.

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಈ ವರ್ಷ ಈ ಹಾಲಿಗೆ ಎಷ್ಟು ಟೆನ್ ಆಗಿವೆ? ಒಂದೇ ಜಾಗಕ್ಕೆ ಜನವರಿಯಿಂದ ಡಿಸೆಂಬರ್ ಒಳಗೆ 15 ಟೆನ್ ಮಾತ್ರ, ಎಲ್ಲ ಸೇರಿ 21 ದಿನ ಮಾತ್ರ. ಇದು ನಿಮ್ಮ ಸಂಘದ ಲೆಕ್ಕವಲ್ಲ, ಹಾಲಿನ ಲೆಕ್ಕ. ಮದುವೆ, ಹುಟ್ಟುಹಬ್ಬ, ಬೇರೆ ಸಂಘಗಳ ಪಾರ್ಟಿ ಎಲ್ಲವೂ ಅದೇ ಖಾತೆಗೆ. ನಮ್ಮ ರಾಜ್ಯೋತ್ಸವ, ದೀಪಾವಳಿ ಬರುವುದು ವರ್ಷದ ಕೊನೆಗೆ, ಬೇಡಿಕೆಯ ಹಾಲ್‌ಗಳ ಖಾತೆ ಖಾಲಿಯಾಗುವ ಹೊತ್ತಿಗೆ. ಮಿತಿ ಮುಗಿದಿದ್ದರೆ ಕೌನ್ಸಿಲ್ ತಾನಾಗಿಯೇ ತಡೆ ನೋಟಿಸ್ ಕಳಿಸುತ್ತದೆ, ಅಲ್ಲಿ ವಾದಕ್ಕೆ ಜಾಗವಿಲ್ಲ. ಹಾಲಿನವರಿಗೆ ಖಚಿತವಾಗಿ ಗೊತ್ತಿಲ್ಲದಿದ್ದರೆ ಕೌನ್ಸಿಲ್‌ನ ಲೈಸೆನ್ಸಿಂಗ್ ವಿಭಾಗಕ್ಕೇ ಒಂದು ಇಮೇಲ್ ಹಾಕಿ. ಹಳೆಯ ವೆಬ್ ಪುಟಗಳಲ್ಲಿ 12 ಎಂದೋ 20 ಎಂದೋ ಇದ್ದರೆ ನಂಬಬೇಡಿ. 12 ಇದ್ದದ್ದು 2016ಕ್ಕಿಂತ ಮೊದಲು. 20 ಟೆನ್, 26 ದಿನ ಎಂದು ಸಡಿಲಿಸಿದ್ದು 2022 ಮತ್ತು 2023ಕ್ಕೆ ಮಾತ್ರ.

ಆ 21 ದಿನದ ಲೆಕ್ಕದಲ್ಲಿ ಮಧ್ಯರಾತ್ರಿ ದಾಟಿದರೆ ಎರಡು ದಿನ. ಶನಿವಾರ ರಾತ್ರಿ ಒಂದು ಗಂಟೆಯ ತನಕ ಬಾರ್ ಎಂದು ಬರೆದರೆ ಶನಿವಾರವೂ ಭಾನುವಾರವೂ ಹಾಲಿನ ಖಾತೆಯಿಂದ ಹೋಗುತ್ತವೆ. ಕೊನೆಯ ಒಂದು ದಿನ ಉಳಿದಿರುವ ಹಾಲಿನಲ್ಲಿ ಇಷ್ಟಕ್ಕೇ ನೋಟಿಸ್ ಬಿದ್ದುಹೋಗಬಹುದು. ಬಾರನ್ನು ಹನ್ನೊಂದಕ್ಕೆ ಮುಚ್ಚುವುದು ಎಲ್ಲ ರೀತಿಯಲ್ಲೂ ಒಳ್ಳೆಯದು.

ಯಾರ ಹೆಸರಿನಲ್ಲಿ?

ಸಂಘದ ಹೆಸರಿನಲ್ಲಿ ಟೆನ್ ಕೊಡಲು ಬರುವುದಿಲ್ಲ. 18 ತುಂಬಿದ ಒಬ್ಬ ವ್ಯಕ್ತಿಯೇ ಕೊಡಬೇಕು, ಕಾನೂನಿನ ಮುಂದೆ ಅವರೇ ಜವಾಬ್ದಾರರು. ಕಾರ್ಯದರ್ಶಿ ಸಹಿ ಹಾಕಿ ಆ ದಿನ ಊರಲ್ಲೇ ಇಲ್ಲದಿದ್ದರೆ, ಬಾರಿನಲ್ಲಿ ನಿಂತ ಸ್ವಯಂಸೇವಕ ಮಾಡಿದ ತಪ್ಪು ಕಾರ್ಯದರ್ಶಿಯ ಬಾಗಿಲಿಗೂ ಬರುತ್ತದೆ. ಆದ್ದರಿಂದ ಆ ಸಂಜೆ ಪೂರ್ತಿ ಬಾರಿನ ಆಸುಪಾಸಿನಲ್ಲಿ ಇರುವವರೇ, ವೇದಿಕೆಯ ಮೇಲೆ ನಿರೂಪಣೆ ಮಾಡುವ ಹೊಣೆ ಇಲ್ಲದವರೇ ಸಹಿ ಹಾಕಲಿ. ಇದು ಕಾಯ್ದೆಯ ಮಾತಲ್ಲ, ನಮ್ಮ ಗಟ್ಟಿ ಸಲಹೆ.

ಮದ್ಯ ಮಾರಲು ವೈಯಕ್ತಿಕ ಲೈಸೆನ್ಸ್ ಕಡ್ಡಾಯವಲ್ಲ. ಅದಿಲ್ಲದವರು ವರ್ಷಕ್ಕೆ 5 ಟೆನ್ ಕೊಡಬಹುದು, ಅದರಲ್ಲಿ ತಡವಾಗಿ ಕೊಡುವ ಬಗೆಯವು 2 ಮಾತ್ರ. ಲೈಸೆನ್ಸ್ ಇದ್ದವರಿಗೆ 50 ಮತ್ತು 10. ಗಂಡ ಐದು ಮುಗಿಸಿದ ಮೇಲೆ ಹೆಂಡತಿಯ ಹೆಸರಿನಲ್ಲಿ ಆರನೆಯದು ಅಂದರೆ ಆಗದು. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ನಿಮ್ಮ ನೌಕರರು ಕೊಟ್ಟ ನೋಟಿಸುಗಳೂ ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ಹಾಗೆಯೇ ಒಂದೇ ಹಾಲಿನಲ್ಲಿ ಒಬ್ಬರೇ ಕೊಡುವ ಎರಡು ಟೆನ್‌ಗಳ ನಡುವೆ 24 ಗಂಟೆ ಬಿಡುವಿರಬೇಕು. ಶುಕ್ರವಾರ ಸಂಜೆ, ಶನಿವಾರ ಸಂಜೆ ಎರಡೂ ದಿನ ಬಾರ್ ಬೇಕಿದ್ದರೆ ಎರಡು ನೋಟಿಸ್ ಬೇಡ, ಒಂದರಲ್ಲೇ ಎರಡನ್ನೂ ಬರೆಯಿರಿ. ಒಂದು ಟೆನ್ 168 ಗಂಟೆಯ ತನಕ ಹಿಗ್ಗುತ್ತದೆ.

ಬಾಡಿಗೆ ಬಾರ್‌ನವರನ್ನು ಕರೆಸಿದರೆ ಅವರೇ ತಮ್ಮ ಹೆಸರಿನಲ್ಲಿ ನೋಟಿಸ್ ಕೊಡುತ್ತಾರೆ. ‘ಕೊಟ್ಟಿದ್ದೇವೆ’ ಎಂದು ಫೋನಿನಲ್ಲಿ ಹೇಳಿದರೆ ಸಾಲದು, ಕೌನ್ಸಿಲ್ ಕೊಟ್ಟ ಸ್ವೀಕೃತಿಯ ಪ್ರತಿ ಕೇಳಿ ಪಡೆಯಿರಿ.

ದಿನದ ಲೆಕ್ಕ

ಎಡವುವುದು ಇಲ್ಲೇ. ಕಾರ್ಯಕ್ರಮಕ್ಕೆ ಕನಿಷ್ಠ 10 ಕೆಲಸದ ದಿನ ಮೊದಲು ನೋಟಿಸ್ ತಲುಪಿರಬೇಕು. ತಲುಪಿದ ದಿನವನ್ನೂ ಎಣಿಸಬಾರದು, ಕಾರ್ಯಕ್ರಮದ ದಿನವನ್ನೂ ಎಣಿಸಬಾರದು. ಶನಿವಾರ, ಭಾನುವಾರ, ಬ್ಯಾಂಕ್ ರಜೆ, ಗುಡ್ ಫ್ರೈಡೇ, ಕ್ರಿಸ್‌ಮಸ್ ಲೆಕ್ಕಕ್ಕಿಲ್ಲ.

2026ರ ನವೆಂಬರ್ 7, ಶನಿವಾರ ರಾಜ್ಯೋತ್ಸವ ಎಂದುಕೊಳ್ಳಿ. ಹಿಂದಕ್ಕೆ ಎಣಿಸಿ: ನವೆಂಬರ್ 6, 5, 4, 3, 2 ಐದು ದಿನ. ಅಕ್ಟೋಬರ್ 30, 29, 28, 27, 26 ಇನ್ನೈದು. ಹಾಗಾಗಿ ಅಕ್ಟೋಬರ್ 23ರ ಶುಕ್ರವಾರ ಕೌನ್ಸಿಲ್ ಕೈಗೆ ನೋಟಿಸ್ ಸೇರಿರಬೇಕು. ‘ಎರಡು ವಾರ ಸಾಕಲ್ಲ’ ಎಂದು 24ರ ಶನಿವಾರ ರಾತ್ರಿ ಆನ್‌ಲೈನಿನಲ್ಲಿ ಕಳಿಸಿದರೆ, ಅದು ಸೋಮವಾರ ಬಂತೆಂದು ಕೌನ್ಸಿಲ್ ಹಿಡಿದರೆ ಒಂದು ದಿನ ಕಡಿಮೆಯಾಯಿತು.

ವಸಂತದ ಕಾರ್ಯಕ್ರಮಗಳಲ್ಲಿ ಈಸ್ಟರ್ ಅಡ್ಡ ಬರುತ್ತದೆ. 2027ರ ಯುಗಾದಿ ಕಾರ್ಯಕ್ರಮವನ್ನು ಏಪ್ರಿಲ್ 10ರ ಶನಿವಾರ ಇಟ್ಟುಕೊಂಡರೆ, ಮಾರ್ಚ್ 26 ಗುಡ್ ಫ್ರೈಡೇ, 29 ಈಸ್ಟರ್ ಸೋಮವಾರ. ಎರಡೂ ಕಳೆದುಹೋಗಿ ಕೊನೆಯ ದಿನ ಮಾರ್ಚ್ 24ರ ಬುಧವಾರಕ್ಕೆ ಹಿಂದೆ ಸರಿಯುತ್ತದೆ.

ಹತ್ತು ದಿನ ತಪ್ಪಿದರೆ ‘ಲೇಟ್ ಟೆನ್’ ಇದೆ, 9ರಿಂದ 5 ಕೆಲಸದ ದಿನದೊಳಗೆ. ಮೇಲಿನ ನವೆಂಬರ್ ಉದಾಹರಣೆಯಲ್ಲಿ ಅಕ್ಟೋಬರ್ 26ರಿಂದ 30ರ ತನಕ. ಶುಲ್ಕ ಅಷ್ಟೇ. ಆದರೆ ನೋಟಿಸಿನ ಪ್ರತಿ ಹೋಗುವ ಪೊಲೀಸರಾಗಲಿ, ಸದ್ದು, ಉಪದ್ರವ ನೋಡುವ ಪರಿಸರ ಆರೋಗ್ಯ ವಿಭಾಗದವರಾಗಲಿ ಆಕ್ಷೇಪಿಸಿದರೆ ವಿಚಾರಣೆಯೇ ಇಲ್ಲ, ಅಲ್ಲಿಗೆ ಮುಗಿಯಿತು. ಸಕಾಲದ ಟೆನ್‌ಗೆ ಆಕ್ಷೇಪ ಬಂದರೆ ಕೌನ್ಸಿಲ್ ಸಮಿತಿಯ ಮುಂದೆ ನಿಮ್ಮ ಮಾತು ಹೇಳಲು ಅವಕಾಶವಿದೆ. ಐದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಬೇರೆ ದಾರಿಯಿಲ್ಲ, ಆ ಸಲ ಬಾರ್ ಇಲ್ಲದೆ ಮಾಡಿ.

ಇದೆಲ್ಲ ಕನಿಷ್ಠದ ಮಾತು. ಆರೆಂಟು ವಾರ ಮೊದಲೇ ಕೊಟ್ಟರೆ, ಆಕ್ಷೇಪ ಬಂದರೂ ವೇಳೆ ಬದಲಿಸಿ ಹೊಸದನ್ನು ಕೊಡುವಷ್ಟು ಸಮಯ ಕೈಯಲ್ಲಿರುತ್ತದೆ.

499 ಅಂದರೆ ಯಾರ್‍ಯಾರು

ಟೆನ್ ಜಾಗದಲ್ಲಿ ಒಂದೇ ಹೊತ್ತಿಗೆ 499 ಜನ ಮೀರಬಾರದು. ಇದು ಟಿಕೆಟ್ ಸಂಖ್ಯೆಯಲ್ಲ. ಅಡುಗೆಯವರು, ಧ್ವನಿವರ್ಧಕದವರು, ಸ್ವಯಂಸೇವಕರು, ಕಲಾವಿದರು, ಮಡಿಲಲ್ಲಿ ಕೂತ ಕೂಸು ಎಲ್ಲರೂ ಸೇರಿ. 450 ಟಿಕೆಟ್ ಮಾರಿದ ಸಂಘಕ್ಕೆ 30 ಮಕ್ಕಳ ಕೋಲಾಟ, 20 ಜನರ ಡೊಳ್ಳು ತಂಡ, 15 ಸ್ವಯಂಸೇವಕರು ಸೇರಿದರೆ 515. ಮಿತಿ ಮೀರಿದ ಕ್ಷಣದಿಂದ ನಿಮ್ಮ ಬಾರ್ ಪರವಾನಗಿ ಇಲ್ಲದ ಬಾರ್. ಬಾಗಿಲಲ್ಲಿ ಎಣಿಸುವ ಕೈಯಂತ್ರ ಹಿಡಿದು ಒಬ್ಬರನ್ನು ನಿಲ್ಲಿಸಿ. ಒಳಗೆ ಬಂದವರನ್ನಷ್ಟೇ ಅಲ್ಲ, ಹೊರಗೆ ಹೋದವರನ್ನೂ ಎಣಿಸಬೇಕು. ಹಾಲಿನ ಅಗ್ನಿಸುರಕ್ಷತೆಯ ಮಿತಿ 300 ಆಗಿದ್ದರೆ ನಿಮಗೂ 300 ಅಷ್ಟೇ.

ದೊಡ್ಡ ಕಾರ್ಯಕ್ರಮಗಳಿಗೆ ನ್ಯಾಯವಾದ ದಾರಿಯೊಂದಿದೆ. ಟೆನ್ ಇಡೀ ಕಟ್ಟಡಕ್ಕೇ ಇರಬೇಕೆಂದಿಲ್ಲ. ಬಾರ್ ಇರುವ ಪಕ್ಕದ ಕೋಣೆಗಷ್ಟೇ ಕೊಡಬಹುದು, ಆಗ 499ರ ಎಣಿಕೆ ಆ ಕೋಣೆಯದು. ಆ ಕೋಣೆಯನ್ನು ಅರ್ಜಿಯಲ್ಲಿ ‘ನೆಲಮಹಡಿ, ಮುಖ್ಯ ಹಾಲಿನ ಎಡಬದಿಯ ಕೋಣೆ’ ಎಂಬಂತೆ ಬಿಡಿಸಿ ಬರೆಯಿರಿ, ಒಂದು ನಕ್ಷೆ ಲಗತ್ತಿಸಿ. ಜನ ಗ್ಲಾಸ್ ಹಿಡಿದು ಮುಖ್ಯ ಹಾಲಿಗೆ ಬರುವುದಿದ್ದರೆ, ‘ಇಲ್ಲೇ ಕುಡಿಯಲು’ ಎಂಬುದನ್ನಷ್ಟೇ ಗುರುತು ಮಾಡಬೇಡಿ, ಒಳಗೂ ಹೊರಗೂ ಎಂಬ ಎರಡನ್ನೂ ಗುರುತು ಮಾಡಿ. ಮುಖ್ಯ ಹಾಲಿನಲ್ಲಿ ಮಾರಾಟ ಮಾತ್ರ ನಡೆಯಕೂಡದು. ಟ್ರೇ ಹಿಡಿದು ಸಾಲಿನಿಂದ ಸಾಲಿಗೆ ಮಾರುತ್ತಾ ಹೋಗುವ ಉತ್ಸಾಹಿಗಳನ್ನು ತಡೆಯಿರಿ.

ಅರ್ಜಿ ತುಂಬುವಾಗ

ಕೌನ್ಸಿಲ್ ವೆಬ್‌ಸೈಟಿನಲ್ಲೇ ತುಂಬಿ. ಆಗ ಪೊಲೀಸರಿಗೆ, ಪರಿಸರ ಆರೋಗ್ಯ ವಿಭಾಗಕ್ಕೆ ಪ್ರತಿ ಕಳಿಸುವ ಕೆಲಸ ಕೌನ್ಸಿಲ್‌ನದು. ಕಾಗದದಲ್ಲಿ ಕೊಟ್ಟರೆ ಮೂರು ಕಡೆಗೂ ನೀವೇ ತಲುಪಿಸಬೇಕು, ಮೂರೂ ಗಡುವಿನೊಳಗೆ ಸೇರಬೇಕು. ಒಂದು ತಡವಾದರೆ ಇಡೀ ನೋಟಿಸ್ ತಡವಾದಂತೆ.

ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು: ಸಹಿ ಹಾಕುವವರ ಹುಟ್ಟಿದ ದಿನಾಂಕ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ವಿಳಾಸ, ಹಾಲಿನ ಪೂರ್ಣ ವಿಳಾಸ, ಅದಕ್ಕೆ ಪರವಾನಗಿ ಇದ್ದರೆ ಅದರ ಸಂಖ್ಯೆ, ಈ ವರ್ಷ ನೀವು ಕೊಟ್ಟ ಉಳಿದ ಟೆನ್‌ಗಳ ವಿವರ. ವೇಳೆಯನ್ನು 24 ಗಂಟೆಯ ಕ್ರಮದಲ್ಲಿ ಬರೆಯಿರಿ. ಹಾಲ್ ಬಾಡಿಗೆಯ ವೇಳೆ ಬೇರೆ, ಬಾರಿನ ವೇಳೆ ಬೇರೆ: ಮಧ್ಯಾಹ್ನ ಎರಡಕ್ಕೆ ರಂಗೋಲಿ ಹಾಕಲು ಶುರುಮಾಡಿದರೂ ಬಾರ್ 18:00ರಿಂದ 23:00 ಇದ್ದರೆ ಅಷ್ಟೇ ಬರೆಯಿರಿ. ಕಾರ್ಯಕ್ರಮದ ಸ್ವರೂಪ ಎಂಬಲ್ಲಿ ‘ಸಾಂಸ್ಕೃತಿಕ ಕಾರ್ಯಕ್ರಮ’ ಎಂದು ಎರಡೇ ಪದದಲ್ಲಿ ಮುಗಿಸಬೇಡಿ. ಕುಟುಂಬಗಳು, ಮಕ್ಕಳು, ನೃತ್ಯ, ಊಟ, ಬಾರಿನಲ್ಲಿ ಎಷ್ಟು ಜನ, ವಯಸ್ಸು ಹೇಗೆ ನೋಡುತ್ತೀರಿ ಎಂದು ನಾಲ್ಕು ಸಾಲು ಬರೆಯಿರಿ. ಓದುವ ಪೊಲೀಸ್ ಅಧಿಕಾರಿಗೆ ನಿಮ್ಮ ಸಂಘದ ಪರಿಚಯ ಇರುವುದಿಲ್ಲ. ಆ ನಾಲ್ಕು ಸಾಲೇ ಅವರಿಗೆ ಆಧಾರ.

ಮನರಂಜನೆಯ ಕಲಂ ಅನ್ನೂ ಯೋಚಿಸಿ ತುಂಬಿ. ಬೆಳಗ್ಗೆ 8ರಿಂದ ರಾತ್ರಿ 11ರ ಒಳಗೆ, 500 ಮೀರದ ಪ್ರೇಕ್ಷಕರ ಮುಂದೆ ನಡೆಯುವ ನಾಟಕ, ನೃತ್ಯಕ್ಕೆ ಪರವಾನಗಿ ಬೇಡ. ಹನ್ನೊಂದು ದಾಟಿ ಡಿಜೆ ಇದ್ದರೆ ಬೇಕು. ಇನ್ನು ಊಟ. ರಾತ್ರಿ 11ರಿಂದ ಬೆಳಗಿನ 5ರ ನಡುವೆ ದುಡ್ಡಿಗೆ ಬಿಸಿ ಊಟ, ಬಿಸಿ ಪಾನೀಯ ಕೊಡುವುದಕ್ಕೂ ಪರವಾನಗಿ ಬೇಕು, ಟಿಕೆಟ್ಟಿನಲ್ಲಿ ಸೇರಿದ ಊಟವೂ ದುಡ್ಡಿನ ಊಟವೇ. ಭಾಷಣ, ಸನ್ಮಾನ ಎಳೆದು ಎಳೆದು ಹನ್ನೊಂದೂಕಾಲಿಗೆ ಬಿಸಿಬೇಳೆ ಬಾತ್ ಬಡಿಸುವ ಪರಿಸ್ಥಿತಿ ಬಂದರೆ ಅದು ಇದರಡಿ ಬರುತ್ತದೆ, ತಣ್ಣನೆಯ ಮೊಸರನ್ನ ಬರುವುದಿಲ್ಲ. ಎಷ್ಟು ಚಟುವಟಿಕೆ ಗುರುತು ಮಾಡಿದರೂ ಶುಲ್ಕ 21 ಪೌಂಡೇ. ತಡವಾಗುವ ಅನುಮಾನ ಇದ್ದರೆ ಗುರುತು ಮಾಡಿಬಿಡಿ. ಹಾಡು ಹಾಕುವ ಹಕ್ಕಿನ ಲೈಸೆನ್ಸ್ ಇದಕ್ಕೆ ಸಂಬಂಧಿಸಿದ್ದಲ್ಲ, ಅದು ಹಾಲಿನವರ ಬಳಿ ಇದೆಯೇ ಎಂದು ಬೇರೆಯಾಗಿ ಕೇಳಿ.

ಕೊಟ್ಟ ಮೇಲೆ

ಟೆನ್ ಅನುಮತಿ ಪತ್ರವಲ್ಲ, ತಿಳಿವಳಿಕೆ ಪತ್ರ. ಕೌನ್ಸಿಲ್ ಒಂದೆರಡು ಕೆಲಸದ ದಿನದಲ್ಲಿ ಸ್ವೀಕೃತಿ ಕಳಿಸುತ್ತದೆ. ಪೊಲೀಸ್ ಮತ್ತು ಪರಿಸರ ಆರೋಗ್ಯ ವಿಭಾಗಕ್ಕೆ ಆಕ್ಷೇಪಿಸಲು 3 ಕೆಲಸದ ದಿನ. ಆ ಬಳಿಕ ಏನೂ ಬರದಿದ್ದರೆ ಸರಿಯಾಯಿತೆಂದೇ ಅರ್ಥ. ನೆರೆಹೊರೆಯವರು ನೇರವಾಗಿ ಆಕ್ಷೇಪಿಸಲು ಬರುವುದಿಲ್ಲ.

ಆಕ್ಷೇಪಕ್ಕೆ ನಾಲ್ಕೇ ಆಧಾರ: ಅಪರಾಧ ಮತ್ತು ಗಲಾಟೆ, ಸಾರ್ವಜನಿಕ ಸುರಕ್ಷತೆ, ಅಕ್ಕಪಕ್ಕದವರಿಗೆ ಉಪದ್ರವ, ಮಕ್ಕಳಿಗೆ ಹಾನಿ. ನಮ್ಮಂಥ ಕಾರ್ಯಕ್ರಮಗಳಲ್ಲಿ ಸದ್ದಿನ ವಿಚಾರವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಚಂಡೆ, ಡೊಳ್ಳು ಹತ್ತರೊಳಗೆ ಮುಗಿಯುವಂತೆ ಕಾರ್ಯಕ್ರಮ ಜೋಡಿಸಿ, ಆಗ ಕಿಟಕಿ ಬಾಗಿಲು ಮುಚ್ಚಿರುತ್ತವೆ ಎಂದು ಅರ್ಜಿಯಲ್ಲೇ ಬರೆಯಿರಿ. ಅಧಿಕಾರಿಯಿಂದ ಫೋನ್ ಬಂದರೆ ಗಾಬರಿಯಾಗಬೇಡಿ. ‘ಹನ್ನೆರಡರ ಬದಲು ಹನ್ನೊಂದಕ್ಕೆ ಮುಚ್ಚುತ್ತೀರಾ’ ಎಂದು ಕೇಳಿದರೆ ಸಕಾಲದ ಟೆನ್‌ನಲ್ಲಿ ಅವರ ಒಪ್ಪಿಗೆಯೊಡನೆ ತಿದ್ದಬಹುದು. ನೀವಾಗಿ ದಿನ, ಜಾಗ ಬದಲಿಸಬೇಕಾದರೆ ತಿದ್ದುಪಡಿ ಇಲ್ಲ. ಹೊಸ ನೋಟಿಸ್, ಮತ್ತೆ 21 ಪೌಂಡ್, ಮತ್ತೆ ಹತ್ತು ದಿನ.

ಬಾರಿನ ಮೇಜಿನ ಹಿಂದೆ

ಟೆನ್ ಪ್ರತಿಯನ್ನು ಎದ್ದು ಕಾಣುವಂತೆ ಅಂಟಿಸಿ, ಅಥವಾ ಸಹಿ ಹಾಕಿದವರ ಬಳಿ ಇರಲಿ. ಅಧಿಕಾರಿ ಕೇಳಿದಾಗ ತೋರಿಸಬೇಕು.

30 ಮಿಲಿಯ ಪೆಗ್ ಅಳತೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಇಲ್ಲಿ ವಿಸ್ಕಿ, ರಮ್, ಜಿನ್, ವೋಡ್ಕಾ ನಾಲ್ಕನ್ನೂ 25 ಮಿಲಿ ಅಥವಾ 35 ಮಿಲಿ ಅಳತೆಯಲ್ಲಿ, ಇಲ್ಲವೇ ಅದರ ದುಪ್ಪಟ್ಟು, ಮುಪ್ಪಟ್ಟಿನಲ್ಲಿ ಮಾತ್ರ ಮಾರಬೇಕು. ಎರಡರಲ್ಲಿ ಒಂದನ್ನೇ ಆರಿಸಿ ಫಲಕದಲ್ಲಿ ಬರೆದು ಹಾಕಬೇಕು. ಸರ್ಕಾರಿ ಗುರುತಿರುವ ಅಳತೆ ಕಪ್ಪನ್ನೇ ಬಳಸಿ, ಕೈಯಳತೆ ಬೇಡ. 25ರ ಅಳತೆಯಲ್ಲಿ 70 ಸೆಂಟಿಲೀಟರ್ ಬಾಟಲಿಗೆ 28 ಸಲ, 35ರಲ್ಲಿ 20. ಗ್ಲಾಸಿನಲ್ಲಿ ಕೊಡುವ ವೈನ್ 125 ಅಥವಾ 175 ಮಿಲಿ. 75 ಸೆಂಟಿಲೀಟರ್ ಬಾಟಲಿಗೆ ಸಣ್ಣದಾದರೆ 6, ದೊಡ್ಡದಾದರೆ 4. ಬಿಯರನ್ನು ಡಬ್ಬಿ, ಬಾಟಲಿಯಲ್ಲೇ ಕೊಟ್ಟರೆ ಅಳತೆಯ ರಗಳೆಯಿಲ್ಲ. ಮೊದಲ ಸಲ ಬಾರ್ ಇಡುವ ಸಂಘಗಳು ಡಬ್ಬಿ ಬಿಯರ್ ಮತ್ತು ವೈನ್‌ಗೇ ನಿಲ್ಲಿಸಿದರೆ ಕೆಲಸ ಹಗುರ.

18 ತುಂಬದವರಿಗೆ ಮಾರುವಂತಿಲ್ಲ. 25ಕ್ಕಿಂತ ಚಿಕ್ಕವರಂತೆ ಕಂಡ ಪ್ರತಿಯೊಬ್ಬರ ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಅಥವಾ ಹಾಲೊಗ್ರಾಂ ಇರುವ ವಯಸ್ಸಿನ ಕಾರ್ಡ್ ನೋಡುವ ಪದ್ಧತಿ ಇಟ್ಟುಕೊಳ್ಳಿ. ಇಲ್ಲಿ ನಮ್ಮವರಿಗೆ ದಾಕ್ಷಿಣ್ಯ ಕಾಡುತ್ತದೆ: ಗೆಳೆಯರ ಮಗ ಬಂದು ‘ಅಂಕಲ್, ಅಪ್ಪನಿಗೆ ಒಂದು ಬಿಯರ್’ ಅಂದರೆ ಇಲ್ಲ ಅನ್ನುವುದು ಕಷ್ಟ. ‘ಅಪ್ಪನನ್ನೇ ಕಳಿಸಪ್ಪ’ ಎಂದು ಹೇಳಿ ಕಳಿಸಿ. ಮಾರಿದರೆ ತಪ್ಪಿತಸ್ಥರು ಮಾರಿದವರೇ, ದಂಡಕ್ಕೆ ಮಿತಿಯಿಲ್ಲ. 16, 17 ವರ್ಷದವರು ಮೇಜಿನ ಊಟದ ಜೊತೆ, ದೊಡ್ಡವರ ಸಂಗಡ, ದೊಡ್ಡವರೇ ಕೊಂಡುಕೊಟ್ಟ ಬಿಯರ್, ವೈನ್, ಸೈಡರ್ ಕುಡಿಯಲು ಕಾನೂನು ಬಿಡುತ್ತದೆ. ಗದ್ದಲದ ಹಾಲಿನಲ್ಲಿ ಅದನ್ನು ಸರಿಯಾಗಿ ಪಾಲಿಸಲು ಆಗುವುದಿಲ್ಲ. 18ರ ಕೆಳಗೆ ಯಾರಿಗೂ ಇಲ್ಲ ಎಂಬ ಒಂದೇ ನಿಯಮ ಹಾಕಿಬಿಡಿ. ಹದಿಹರೆಯದ ಸ್ವಯಂಸೇವಕರನ್ನು ಊಟ ಬಡಿಸಲು ಹಾಕಿ, ಬಾರಿಗೆ ಬೇಡ. ಆಗಲೇ ಹೆಚ್ಚಾಗಿರುವವರಿಗೆ ಮಾರುವುದೂ ಅಪರಾಧ. ಅವರು ಸಂಘದ ಹಿರಿಯರೇ ಆಗಿದ್ದರೂ ಕಾನೂನು ಒಂದೇ.

ದಾಸ್ತಾನನ್ನು ಸೂಪರ್‌ಮಾರ್ಕೆಟ್ಟಿನಲ್ಲೋ ಮಾನ್ಯತೆ ಪಡೆದ ಸಗಟು ವ್ಯಾಪಾರಿಯಲ್ಲೋ ಕೊಂಡು ರಸೀದಿ ಖಜಾಂಚಿಯ ಬಳಿ ಇಡಿ. ಊರಿಂದ ಬರುವಾಗ ಡ್ಯೂಟಿ ಫ್ರೀಯಲ್ಲಿ ತಂದ ಬಾಟಲಿ ಬಾರಿಗೆ ಬರಕೂಡದು. ಆ ವಿನಾಯಿತಿ ಸ್ವಂತ ಬಳಕೆಗೆ, ಉಡುಗೊರೆಗೆ ಮಾತ್ರ. ಮಾರಲು ಇಟ್ಟರೆ ಸುಂಕ ತಪ್ಪಿಸಿದ ಸರಕಾಗುತ್ತದೆ.

ನೋಟಿಸಿನಲ್ಲಿ ಬರೆದ ವೇಳೆಗೆ ಸರಿಯಾಗಿ ಮಾರಾಟ ನಿಲ್ಲಿಸಿ. ಹದಿನೈದು ನಿಮಿಷ ಮೊದಲೇ ವೇದಿಕೆಯಿಂದ ಒಂದು ಘೋಷಣೆ ಮಾಡಿಸಿದರೆ ಕೊನೆಗಳಿಗೆಯ ನೂಕುನುಗ್ಗಲು ಇರುವುದಿಲ್ಲ. ಸೀಲ್ ಒಡೆಯದೆ ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವ ಷರತ್ತಿನ ಮೇಲೆ ಕೊಡುವ ಅಂಗಡಿಗಳಿವೆ, ಕೊಳ್ಳುವಾಗಲೇ ಮಾತಾಡಿಕೊಳ್ಳಿ. ಮಾರನೆಯ ದಿನ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ‘ಆರು ಬಾಟಲಿ ವೈನ್ ಉಳಿದಿದೆ, ಅಸಲು ಬೆಲೆಗೆ ಬೇಕಾದವರು ತಿಳಿಸಿ’ ಎಂದು ಹಾಕಬೇಡಿ. ಅಷ್ಟರಲ್ಲಿ ಟೆನ್ ಅವಧಿ ಮುಗಿದಿರುತ್ತದೆ, ಅಸಲಿಗೆ ಕೊಟ್ಟರೂ ಅದು ಪರವಾನಗಿ ಇಲ್ಲದ ಮಾರಾಟ. ವಾಪಸ್ ಆಗದ ಬಾಟಲಿಗಳನ್ನು ಪಟ್ಟಿ ಮಾಡಿ, ಮುಂದಿನ ಟೆನ್ ತನಕ ಖಜಾಂಚಿಯ ಸುಪರ್ದಿಯಲ್ಲಿ ಇಡಿ.